ಕುಂಬಳಕಾಯಿಯೊಳಗಿನ ಪಿಸ್ತೂಲು

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ರಾಜಾಜಿನಗರದ ನಮ್ಮ ಕಾರ್ಖಾನೆಯಲ್ಲಿ ಲೇತ್ ಯಂತ್ರಕ್ಕೆ ಕಬ್ಬಿಣ ಕೊಟ್ಟು ಕಡೆಯುವ ನನ್ನಂಥ ಟರ್ನರ್ ಇನ್ನೊಬ್ಬನಿರಲಿಲ್ಲ. ಜಂಬವಲ್ಲ, ನಿಜ. ಗೇಟಿನಲ್ಲಿ 'ಒಳಗೆ ಯಾವ ಆಯುಧವನ್ನೂ ತರಕೂಡದು' ಎಂದು ಹಲಗೆ ಹಾಕಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಇದು ಬೇರೆಯವರಿಗೆ ಬರೆದದ್ದು ಎಂದು ತೀರ್ಮಾನಿಸಿದೆ. ಪಟೇಲರ ಮಗನಿಗೆ ಹಲಗೆಯೇ!

ಅಪ್ಪನಿಂದ ಲೈಸೆನ್ಸ್ ಸಮೇತ ಬಂದ ಪಿಸ್ತೂಲು ಸದಾ ನನ್ನ ಅಂಗಿಯೊಳಗೆ, ಸೊಂಟದಲ್ಲಿರುತ್ತಿತ್ತು; ರಜೆಯ ದಿನ ಮಾತ್ರ ಗೋಡೆಯ ಮೊಳೆಯಲ್ಲಿ. ಬೆಳಿಗ್ಗೆ ನಗರದಾಚೆಯ ನಮ್ಮ ಹಳ್ಳಿ ಉಲ್ಲಾಳದಿಂದ ಸೈಕಲ್ ತುಳಿಯುವಾಗ ರಾಗಿ ಹೊಲಗಳ ಮೇಲೆ ಮಂಜು ಹಾಲಿನಂತೆ ನಿಂತಿರುತ್ತಿತ್ತು. ನೆಲ ಕಾಣುತ್ತಿರಲಿಲ್ಲ, ಸೈಕಲ್ ಮೋಡದ ಮೇಲೆ ಹೋಗುತ್ತಿತ್ತು. ಮಂಜಿನೊಳಗಿಂದ ಕಳ್ಳರು ಬರುತ್ತಿದ್ದರು. ನಾನು ಪಿಸ್ತೂಲು ಎತ್ತುತ್ತಿದ್ದೆ. ಅವರು ಕಾಲಿಗೆ ಬೀಳುತ್ತಿದ್ದರು. ದಿನಾ ಹೀಗೆ ಐದಾರು ಜನರನ್ನು ಕ್ಷಮಿಸಿಯೇ ಕೆಲಸಕ್ಕೆ ಹಾಜರಾಗುತ್ತಿದ್ದೆ! ನಿಜವಾಗಿ ಎದುರಾದದ್ದು ಒಂದು ಎಮ್ಮೆ ಮಾತ್ರ.

ಆ ವರ್ಷ ಆಯುಧಪೂಜೆಯ ದಿನ ಹೊಸ ಮೇಸ್ತ್ರಿಯ ಹೆಸರು ಹೇಳುವವರಿದ್ದರು. ನನ್ನದೇ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ದೊಡ್ಡವರು ಬರುತ್ತಾರೆಂದು ಅಂದು ಗೇಟಿನಲ್ಲಿ ಎಲ್ಲರ ಮೈ ತಡವಿ ಒಳಗೆ ಬಿಡುತ್ತಾರಂತೆ.

"ಪಿಸ್ತೂಲಿಗೆ ಮನೇಲೇ ಕುಂಕುಮ ಇಟ್ರೆ ಆಗಲ್ವೇನ್ರೀ?" ಎಂದಳು ಹೆಂಡತಿ ಜಯಮ್ಮ.

"ನಾನು ಮೇಸ್ತ್ರಿ ಆಗೋ ಹೊತ್ತಲ್ಲಿ ಅಪ್ಪನ ಸಾಮಾನು ಹತ್ರ ಇರ್ಬೇಕು ಕಣೇ."

"ಹಂಗಾದ್ರೆ ಅವರ ಎಕ್ಕಡಾನೂ ತಗೊಂಡೋಗಿ!"

ದೃಷ್ಟಿ ತೆಗೆದು ಒಡೆಯುವ ಬೂದುಗುಂಬಳಕಾಯಿ ಪ್ರತಿ ವರ್ಷ ನಮ್ಮ ಹಿತ್ತಲಿನಿಂದಲೇ ಹೋಗುತ್ತಿತ್ತು. ಹೇಗೂ ಅದಕ್ಕೆ ತೂತು ಕೊರೆದು ಕುಂಕುಮ ತುಂಬುವುದು ಪದ್ಧತಿ. ನಾನು ತೂತನ್ನು ಕೊಂಚ ಉದಾರವಾಗಿ ಕೊರೆದೆ. ಪಿಸ್ತೂಲನ್ನು ಒಳಗಿಳಿಸಿ, ಕುಂಕುಮ ಸುರಿದು, ಬಿಲ್ಲೆ ಮುಚ್ಚಿದೆ. ಒಳಗೆ ಹೋದ ಕೂಡಲೇ ಲೇತಿನ ಹಿಂದೆ ತೆಗೆದುಕೊಂಡರಾಯಿತು!

"ಏನಣ್ಣಾ, ಕಾಯಿ ಇಷ್ಟು ತೂಕ ಐತೆ?" ಎಂದ ವಾಚ್‌ಮನ್ ಮುನಿಯಪ್ಪ.

"ನಮ್ಮ ಹಿತ್ತಲ ಮಣ್ಣಿನ ಗುಣ ಕಣಯ್ಯಾ."

ಅಷ್ಟರಲ್ಲಿ ಮ್ಯಾನೇಜರು ಅಲ್ಲಿಗೇ ಬಂದರು. "ಬಂದ್ಯಾ! ಈ ಸಲ ಮೊದಲು ಗೇಟಿಗೇ ದೃಷ್ಟಿ ತೆಗೆಯೋಣ. ನೀನೇ ಒಡಿ."

"ಸಾರ್, ಇದಿನ್ನೂ ಬಲಿತಿಲ್ಲ..."

"ಒಡೆಯೋದಕ್ಕೆ ಬಲೀಬೇಕೇನಯ್ಯಾ?"

ನಾನು ಕಾಯಿಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ನೆಲಕ್ಕಿಟ್ಟೆ. ಫಿಟ್ಟರ್ ರಂಗಣ್ಣ ನಕ್ಕ. "ಪಟೇಲ್ರೇ, ಹಸುಗೂಸು ಮಲಗಿಸ್ತಾ ಇದೀರಾ? ಕೊಡಿ ಇಲ್ಲಿ!" ಎಂದವನೇ ಎತ್ತಿ ತಲೆಯ ಮೇಲೆ ತೂಗಿದ.

ಮೈತುಂಬ ಬೂದಿ ಬಳಿದುಕೊಂಡ ಆ ಕಾಯಿ ಬೆಳಗಿನ ಬಿಸಿಲಿನಲ್ಲಿ ಹಗಲು ಚಂದ್ರನಂತೆ ಕಂಡಿತು. ಎಷ್ಟು ಚೆಂದ ಅಂದುಕೊಂಡೆ. ಅದು ಕೆಳಗೆ ಬರುವುದೇ ಇಲ್ಲವೇನೋ ಎಂದೂ ಅಂದುಕೊಂಡೆ.

ಬಂತು. ಧಡ್!

ಕೆಂಪಗೆ ಕುಂಕುಮ ಮೆತ್ತಿಕೊಂಡ ಪಿಸ್ತೂಲು ಜಾರುತ್ತಾ ಹೋಗಿ ಮ್ಯಾನೇಜರ ಬೂಟಿನ ಹತ್ತಿರ ನಿಂತಿತು.

"ಇದೇನು?"

"ಬೀಜ, ಸಾರ್."

ನನ್ನ ಕೆಲಸ ಹೋಯಿತೆಂದು ಮುನಿಯಪ್ಪ ಆಗಲೇ ಕನಿಕರದಿಂದ ನೋಡತೊಡಗಿದ್ದ. ರಂಗಣ್ಣ ಪಿಸ್ತೂಲನ್ನು ಎತ್ತಿ ಟ್ರಿಗರ್ ಎಳೆದು ನೋಡಿದ. ತುಕ್ಕು ಹಿಡಿದು ಅಲುಗಲಿಲ್ಲ. ನಳಿಗೆಗೆ ತಂತಿ ಹಾಕಿದ. ಒಣಮಣ್ಣು ಉದುರಿತು.

"ಸಾರ್, ಒಳಗೆ ಕುಂಬಾರ ಹುಳ ಮನೆ ಕಟ್ಕೊಂಡು ಸಂಸಾರ ಮಾಡ್ತಾ ಐತೆ!"

ಮ್ಯಾನೇಜರು ಹಲಗೆ ನೋಡಿದರು, ಪಿಸ್ತೂಲು ನೋಡಿದರು, ನನ್ನನ್ನು ನೋಡಿದರು. "ಆಯುಧ ತಂದಿದ್ರೆ ಈಗಲೇ ಮನೆಗೆ ಕಳಿಸ್ತಿದ್ದೆ. ಇದನ್ನ ಆಯುಧ ಅಂತ ಯಾರಯ್ಯಾ ಅಂತಾರೆ? ಕೆಲಸ ಉಳೀತು, ಹೋಗು."

ಉಸಿರು ಬಂತು.

"ಆದ್ರೆ ಸ್ವಂತ ಸಾಮಾನಿಗೇ ಒಂದು ತೊಟ್ಟು ಎಣ್ಣೆ ಬಿಡದೋನ ಕೈಗೆ ಹತ್ತು ಲೇತು ಹೇಗಯ್ಯಾ ಕೊಡ್ಲಿ?"

ಮಂಗಳಾರತಿ ಆದ ಮೇಲೆ ರಂಗಣ್ಣ ಮೇಸ್ತ್ರಿಯಾದ. ನಿಯಮ ಮುರಿದವನು ಎಂಬ ಕೆಟ್ಟ ಹೆಸರಾದರೂ ನನಗೆ ಸಿಗಬೇಕಿತ್ತು. ಪಟೇಲರ ಮಗನಿಗೆ ಅದಕ್ಕೂ ಯೋಗ್ಯತೆ ಸಾಲಲಿಲ್ಲ!