ಒಂದು ಪದಕ್ಕೆ ಸಿಕ್ಕ ಸ್ವಂತ ಊರು

ಓದುಗ ಮಹಾಶಯರೇ, ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಆದರೂ ಹಿಂದೊಂದು ಕಾಲಕ್ಕೆ ಶಿಲಾನ್ಯಾಸಪುರವೆಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಗಗನಮಲ್ಲ ಮಹಾರಾಜರಿಗೆ ಇಟಲಿಯ ವರ್ತಕನೊಬ್ಬ ಕಂಚಿನ ತಗಡೊಂದನ್ನು ಕಾಣಿಕೆ ಕೊಟ್ಟ. ಅದರ ಮೇಲಿದ್ದದ್ದು ಆಸ್ಕನ್ ಭಾಷೆ. ಲ್ಯಾಟಿನ್ನಿನ ದಾಯಾದಿ, ಎಂದೋ ಸತ್ತುಹೋಗಿದೆ. ಪ್ರಭುಗಳು ಒಂದು ಪದದ ಮೇಲೆ ಬೆರಳಿಟ್ಟು, "ಇದು ಎಲ್ಲಿಂದ ಬಂತು?" ಎಂದರು.

ಆಸ್ಥಾನದ ನಿಘಂಟು ಬರೆಯುತ್ತಿದ್ದ ಅಲಮೇಲಮ್ಮನವರು ಕನ್ನಡಕ ಒರೆಸಿಕೊಂಡು, "ಗೊತ್ತಿಲ್ಲ ಪ್ರಭು. ಗ್ರೀಕರಿಂದ ಎರವಲು ಬಂದಿರಬಹುದು, ನೆರೆಯ ಎಟ್ರುಸ್ಕನ್ನರಿಂದಲೂ ಇರಬಹುದು. ಇಟಲಿಯ ಪಂಡಿತರಿಗೇ ಗೊತ್ತಿಲ್ಲ" ಎಂದರು.

ಪಾಪ, ನಿಜ ಹೇಳಿ ಕೆಟ್ಟರು. ಆ ಕ್ಷಣವೇ ಅವರನ್ನು ಕುದುರೆಲಾಯಕ್ಕೆ ವರ್ಗ ಮಾಡಲಾಯಿತು.

"ಇಷ್ಟು ಸೊಗಸಾದ ಪದ ಪರದೇಶದಲ್ಲಿ ಹುಟ್ಟೀತೇ ಮಹಾಪ್ರಭು? ನಮ್ಮದೇ. ಯಾವ ಊರೆಂಬುದಷ್ಟೇ ಬಾಕಿ" ಎಂದರು ಸಂಸ್ಕೃತಿ ಮಂತ್ರಿ ತಥಾಸ್ತುರಾಯರು.

ಆ ರಾಜ್ಯದಲ್ಲಿ ಬಗೆಹರಿಯದ್ದನ್ನೆಲ್ಲ ಬಗೆಹರಿಸುವುದು ಪಟ್ಟದಾನೆ. ರಾಜರನ್ನೂ ಅದೇ ಹಾರ ಹಾಕಿ ಆರಿಸಿತ್ತು. ಫಲಿತಾಂಶ ನೀವೇ ನೋಡುತ್ತಿದ್ದೀರಿ. ಪದದ ಊರು ಹುಡುಕಲೂ ಅದರ ಸೊಂಡಿಲಿಗೇ ಹಾರ ಕೊಟ್ಟು ಬಿಟ್ಟರು. ಆನೆ ಒಂದು ಹರದಾರಿ ನಡೆದು, ಕುಂಬಾರ ಓಣಿಯ ಸಾವಂತ್ರವ್ವನ ಅಂಗಳದಲ್ಲಿದ್ದ ಕುಂಬಳಕಾಯಿಗೆ ಸೊಂಡಿಲು ಚಾಚಿತು. ಹಾರ ನೆಲಕ್ಕೆ ಬಿತ್ತು.

"ಆಹಾ, ಮೂಲ ಸಿಕ್ಕಿತು!" ಎಂದು ರಾಯರು ಬಿದ್ದ ಹಾರಕ್ಕೆ ಕೈ ಮುಗಿದರು.

ಮರುದಿನವೇ ಗೆಜೆಟ್ ಹೊರಟಿತು: ಪದದ ಜನ್ಮಸ್ಥಳದಲ್ಲಿ ಭವ್ಯ ಸ್ಮಾರಕ, ಡಿಜಿಟಲ್ ಅನುಭವ ಕೇಂದ್ರ, ವಿಐಪಿ ಪಾರ್ಕಿಂಗ್. ಸಾವಂತ್ರವ್ವನ ಮನೆ, ಮಡಕೆ ಸುಡುವ ಆವಿಗೆ, ಓಣಿಯ ಮೂವತ್ತು ಮನೆಗಳು ಖಾಲಿಯಾಗಬೇಕು.

"ನಮ್ಮ ಮುತ್ಯಾ ಮಣ್ಣು ತುಳಿದ ಜಾಗ ಐತ್ರೀ ಸಾಹೇಬ್ರ. ನಾವು ಎಲ್ಲಿಗೆ ಹೋಗೂದ್ರೀ?" ಎಂದು ಅತ್ತಳು ಆಕೆ.

"ಮುತ್ಯಾನ ಮುತ್ಯಾ ಎಲ್ಲಿಯವ?" ಎಂದರು ತಹಸೀಲ್ದಾರರು.

"ಅದೆಲ್ಲ ನನಗೇನ್ ಗೊತ್ತ್ರೀ ಯಪ್ಪಾ!"

"ನೋಡವ್ವಾ, ನಿನ್ನ ಮೂಲ ನಿನಗ ಗೊತ್ತಿಲ್ಲ. ಆ ಪದಕ್ಕ ಗೆಜೆಟ್ಟಿನ ಸರ್ಟಿಫಿಕೇಟ್ ಐತಿ. ಜಾಗ ಅದರದು."

ನನಗಂತೂ ಬರೆಯುವಾಗಲೇ ಮೈ ಉರಿಯುತ್ತಿದೆ. ಆದರೆ ತಹಸೀಲ್ದಾರರ ಕಡತದಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗಲಿಲ್ಲ.

ಶಿಲಾನ್ಯಾಸದ ದಿನ ಪ್ರಭುಗಳು ಫಲಕದ ಪರದೆ ಸರಿಸಿದರು. ತಥಾಸ್ತುರಾಯರಿಗೆ 'ಶಬ್ದಬ್ರಹ್ಮ' ಬಿರುದು ದಯಪಾಲಿಸಲಾಯಿತು. ಜನ ಮಾತ್ರ ಸಾಲಲಿಲ್ಲ. ಊರು ಬಿಟ್ಟು ಹೊರಟಿದ್ದ ಮೂವತ್ತು ಮನೆಯವರನ್ನೇ ಪೊಲೀಸರು ದಾರಿಯಲ್ಲಿ ತಡೆದು, ತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಸಾವಂತ್ರವ್ವನ ತಲೆ ಮೇಲಿದ್ದ ಗಂಟನ್ನು ಪೇದೆಯೊಬ್ಬ ಬಹಳ ಮರ್ಯಾದೆಯಿಂದ ಇಳಿಸಿ ಹಿಡಿದುಕೊಂಡ. ಚಪ್ಪಾಳೆಗೆ ಆಕೆಯ ಎರಡೂ ಕೈ ಬೇಕಿತ್ತು.