ಅಣ್ಣನ ಕುತ್ತಿಗೆ ಪಾಲಾದದ್ದು

ಒಂದು ಒಗಟು ಹೇಳ್ತೇನಿ, ಒಡೀರಿ ನೋಡೋಣ. ಎಡಕ್ಕೆ ಎಣ್ಣೆ, ಬಲಕ್ಕೆ ಕರೆಂಟು, ನಡುವೆ ಕರೀ ಬದು. ಯಜಮಾನರು ಇಬ್ಬರು, ಹೊತ್ತುಕೊಂಡು ತಿರುಗುವವನು ಮಾತ್ರ ಮೂರನೆಯವ. ಏನದು?

ಬಿಡ್ರಿ, ನಿಮಗೆ ಬರೋದಿಲ್ಲ. ಹತ್ತನೇ ಇಯತ್ತೆಯಲ್ಲಿ ನನಗೆ ಗಣಿತ ಬಂದಷ್ಟೂ ಬರೋದಿಲ್ಲ, ನಾನು ಎರಡು ಸಲ ಫೇಲಾದವ. ಉತ್ತರ ನಮ್ಮ ಅಣ್ಣನ ಕುತ್ತಿಗೆ.

ಅಣ್ಣ ಅಂದರೆ ದೊಡ್ಡಪ್ಪನ ಮಗ. ನಮ್ಮದು ಚಿಕ್ಕೋಡಿ ಕಡೆಯ ಕಬ್ಬಿನ ಊರು. ದೊಡ್ಡಪ್ಪ ಮತ್ತು ನಮ್ಮಪ್ಪ ಒಂದೇ ಮನೆಯಲ್ಲಿದ್ದಾರೆ, ಇಬ್ಬರ ಮೇಲೂ ಆಯಿ. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಇಂಥ ಮನೆಯಲ್ಲಿ ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಿಲ್ಲ, ಸಂಜೆಗೆ ದನ ಬಂದಂತೆ ತಾವೇ ದಾರಿ ಹಿಡಿದು ಬರುತ್ತವೆ. ಕೆಲವಕ್ಕೆ ನಾನು ಬಾಗಿಲು ತೆಗೆದಿರುತ್ತೇನೆ, ಅಷ್ಟೆ.

ಹೊರೆ ಬಿತ್ತು, ಕುತ್ತಿಗೆ ನಿಂತಿತು

ಅಣ್ಣನಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಅಷ್ಟರಲ್ಲಿ ನಾಲ್ಕು ಕಡೆ ಹೆಣ್ಣು ನೋಡಿ ಬಂದಿದ್ದ. ನೋಡಿ ಬಂದಿದ್ದ ಅನ್ನೋದೂ ಸುಳ್ಳು. ಆತನಿಗೆ ವಿಪರೀತ ನಾಚಿಕೆ, ತಲೆ ಎತ್ತುತ್ತಲೇ ಇರಲಿಲ್ಲ. ನಾಲ್ಕೂ ಮನೆಯಲ್ಲಿ ಉಪ್ಪಿಟ್ಟಿನ ತಾಟನ್ನು ನೋಡಿ ಎದ್ದು ಬಂದ. ಒಬ್ಬರು "ಹುಡುಗಗ ಸೊಕ್ಕು" ಅಂದರು. ಇನ್ನೊಬ್ಬರು "ಕಣ್ಣಾಗ ಏನರ ಐಬ ಐತಿ" ಅಂದರು. ನಾಲ್ಕನೆಯ ಮನೆಯ ಹುಡುಗಿಯಂತೂ, "ಅವರು ಉಪ್ಪಿಟ್ಟ ನೋಡಾಕ ಬಂದಿದ್ರು, ಉಪ್ಪಿಟ್ಟ ಕಟ್ಟಿ ಕಳಸ್ರಿ" ಅಂದಳಂತೆ.

ಐದನೆಯದು ಶೇಡಬಾಳದ ಸಂಬಂಧ. ಆಯಿ ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: "ಈ ಸಲ ಮಾರಿ ಎತ್ತಿ ಹುಡಿಗೀನ ನೋಡಲಿಲ್ಲಂದ್ರ, ಇನ್ನ ನಾ ಯಾರ ಮನಿ ಕಟ್ಟೀನೂ ಹತ್ತಾಂಗಿಲ್ಲ. ಇದ ಕಡೀದು."

"ನೋಡ್ತೇನಿ ಆಯಿ," ಅಂದ ಅಣ್ಣ, ನೆಲ ನೋಡುತ್ತ.

ಶೇಡಬಾಳಕ್ಕೆ ಹೋಗಲು ಇನ್ನೂ ಒಂಬತ್ತು ದಿನ ಇತ್ತು. ಅವತ್ತು ಸಂಜೆ ಅಣ್ಣ ದನಗಳಿಗೆ ಕಬ್ಬಿನ ಸೋಗೆಯ ಹೊರೆ ತಲೆ ಮೇಲೆ ಹೊತ್ತು ಬರುತ್ತಿದ್ದ. ನಾನು ಹಿಂದಿನಿಂದ, "ಅಣ್ಣಾ! ಹಿಂದ ಶೇಡಬಾಳದವರು ಬರಾಕತ್ತಾರ!" ಅಂದೆ.

ಗಕ್ಕನೆ ಎಡಕ್ಕೆ ತಿರುಗಿ ನೋಡಿದ. ಹೊರೆ ಕೆಳಗೆ ಬಿತ್ತು. ಕುತ್ತಿಗೆ ಮಾತ್ರ ತಿರುಗಿದ್ದಲ್ಲೇ ನಿಂತಿತು. ಮುಖ ಎಡ ಹೆಗಲಿನ ಮೇಲೆ, ಮೈ ಮನೆಯ ಕಡೆ. ಹಾಗೇ ನಡೆದುಕೊಂಡು ಮನೆಗೆ ಬಂದ.

"ಯಾಕೋ, ಯಾರನ್ನ ನೋಡಕೋತ ಬಂದೀ?" ಅಂದಳು ಆಯಿ.

"ಯಾರನ್ನೂ ಇಲ್ಲ ಆಯಿ," ಅಂದ ಅಣ್ಣ, ಪಕ್ಕದ ಮನೆಯ ಎಮ್ಮೆಯನ್ನು ನೋಡುತ್ತ.

ಬದು ಬಿದ್ದದ್ದು

ರಾತ್ರಿ ಊಟಕ್ಕೆ ಕೂತಾಗಲೇ ಜಗಳ. ನಮ್ಮಪ್ಪನಿಗೆ ಯಡೂರಿನ ಹೊಳೆದಂಡೆಯ ಪಂಡಿತರ ಮೇಲೆ ನಂಬಿಕೆ. ಅವರು ಬೆಚ್ಚಗಿನ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಮರ್ಮ ಒತ್ತುವವರು. ದೊಡ್ಡಪ್ಪನಿಗೆ ನಿಪ್ಪಾಣಿಯಲ್ಲಿ ಹೊಸದಾಗಿ ಕರೆಂಟಿನ ಮಶೀನು ತಂದ ಡಾಕ್ಟರು ದೇವರು.

"ಬಾವ್ಯಾಗಿನ ನೀರನ್ನ ಕರೆಂಟ್ ಮ್ಯಾಲ ತರ್ತೈತಿ," ಅಂದ ದೊಡ್ಡಪ್ಪ. "ಒಂದ ಕುತ್ತಿಗಿ ಮುಂದ ತರಾಕ ಆಗಂಗಿಲ್ಲೇನು?"

"ಅಣ್ಣಾ, ಕುತ್ತಿಗಿ ಅಂದ್ರ ಪಂಪಸೆಟ್ ಅಲ್ಲ," ಅಂದ ಅಪ್ಪ.

"ನಿಮ್ಮ ಪಂಡಿತ ಒತ್ತಿ ಒತ್ತಿ ಹಿಟ್ಟ ಮಾಡ್ತಾನ."

"ನಿಮ್ಮ ಡಾಕ್ಟರ್ ಸುಟ್ಟ ರೊಟ್ಟಿ ಮಾಡ್ತಾನ."

ಆಯಿ ತಾಟು ಸರಿಸಿದಳು. ಹೋದ ವರ್ಷ ಇವರಿಬ್ಬರ ಕಬ್ಬಿನ ಹೊಲದ ಜಗಳ ಹರಿಸಿದವಳು ಅವಳೇ. ನಡುವೆ ಒಂದು ಬದು ಹಾಕಿಸಿ, ಕಾಲುವೆ ನೀರಿಗೆ ಪಾಳಿ ಹಚ್ಚಿ ಮುಗಿಸಿದ್ದಳು. ಈಗಲೂ ಅದನ್ನೇ ಮಾಡಿದಳು. ಕಾಡಿಗೆ ಡಬ್ಬಿ ತಂದು ಅಣ್ಣನ ತಲೆಗೂದಲಿನ ಬುಡದಿಂದ ಬೆನ್ನಿನವರೆಗೆ ಒಂದು ಗೆರೆ ಎಳೆದಳು.

"ಎಡಗಡೆದ್ದು ಸಣ್ಣಾವಂದು, ಬಲಗಡೆದ್ದು ದೊಡ್ಡಾವಂದು. ಒಂದಿನ ಪಂಡಿತರ ಪಾಳಿ, ಒಂದಿನ ಡಾಕ್ಟರ್ ಪಾಳಿ. ಯಾರ ಪಾಲು ಮೊದಲ ಆರಾಮ ಆಗ್ತೈತಿ, ಅವರು ಗೆದ್ರು. ಒಬ್ಬರು ಇನ್ನೊಬ್ಬರ ಬದು ದಾಟಬಾರದು."

ಇಬ್ಬರೂ ಒಪ್ಪಿದರು. ಅಣ್ಣ ಏನೋ ಹೇಳಲು ಬಾಯಿ ತೆರೆದ. "ನೀ ಸುಮ್ನಿರು," ಅಂದರು ಇಬ್ಬರೂ ಒಟ್ಟಿಗೆ. ಅವತ್ತು ಇಬ್ಬರೂ ಕೂಡಿ ಆಡಿದ ಮಾತು ಅದೊಂದೇ.

ಪಂಡಿತರು ಹಿಡಿದ ರೋಗ

ಮೊದಲ ಪಾಳಿ ಯಡೂರಿನದು. ಅಪ್ಪ, ಅಣ್ಣ, ನಾನು ಹೋದೆವು. ಪಂಡಿತರು ಮುದುಕರು, ಬೆರಳು ಮಾತ್ರ ಇಕ್ಕಳ. "ಮೈಯಾಗ ನೂರಾ ಏಳ ಮರ್ಮ ಅದಾವ," ಅಂದರು. "ಗಂಟ ಬಿದ್ದ ಹಗ್ಗಾನ ಜಗ್ಗಬಾರದು. ಎಲ್ಲಿ ಹಿಡದ್ರ ಬಿಚ್ಚತೈತಿ, ಅಲ್ಲಿ ಹಿಡೀಬೇಕು."

ಅಣ್ಣನನ್ನು ಬೋರಲು ಮಲಗಿಸಿ ಎಣ್ಣೆ ಹಚ್ಚಿದರು. ಅವರ ಹೆಬ್ಬೆರಳು ಎಡಗಡೆಯಿಂದ ಮೆಲ್ಲಗೆ ಬಲಕ್ಕೆ ಹೊರಟಿತು. ಹಸಿರು ಕಂಡ ಕರು ಮಂದಿ ಹೊಲಕ್ಕೆ ನುಗ್ಗುವಂತೆ ಮತ್ತೆ ಮತ್ತೆ ಆ ಕಡೆಗೇ. ಅಪ್ಪ ಪ್ರತಿ ಸಲ ಅವರ ಕೈ ಹಿಡಿದು ಈಚೆ ತಂದ.

"ಆ ಕಡೆ ಬ್ಯಾಡ್ರಿ ಪಂಡಿತರ, ಅದು ನಮ್ಮ ಅಣ್ಣಂದು."

"ಅಣ್ಣಂದು? ಕುತ್ತಿಗಿ ಇಂವಂದಲ್ಲೇನು?"

"ಇಂವಂದ ಖರೆ. ಪಾಲು ಅಣ್ಣಂದು."

ಪಂಡಿತರು ಉಸಿರು ಬಿಟ್ಟು ಎಡ ಹೆಗಲು ಒತ್ತತೊಡಗಿದರು. "ಎಲ್ಲಿ ಒದರ್ತಿ, ಅಲ್ಲಿ ಮರ್ಮ ಐತಿ. ನಾಚಬ್ಯಾಡ, ಒದರು," ಅಂದರು ಅಣ್ಣನಿಗೆ. ಅಣ್ಣ ಒದರಲೇ ಇಲ್ಲ. ನನಗೆ ಬೇಸರ ಬಂತು. ಕಾಲ ಬುಡದಲ್ಲಿ ಕೂತಿದ್ದ ನಾನು, ಪಂಡಿತರು ಹೆಗಲು ಒತ್ತಿದಾಗಲೆಲ್ಲ ಅಣ್ಣನ ಕಾಲಿನ ಕಿರುಬೆರಳು ಚಿವುಟಿದೆ.

"ಅಯ್ಯೋ, ಕಾಲು!" ಅಂದ ಅಣ್ಣ.

ಪಂಡಿತರ ಕೈ ನಿಂತಿತು. ಇನ್ನೊಮ್ಮೆ ಒತ್ತಿದರು. "ಕಾಲು, ಕಾಲು!" ಮೂರನೆಯ ಸಲ ಒತ್ತುವಾಗ ಅವರು ಹೆಗಲನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಬಾರಪಾ ಇಲ್ಲಿ," ಅಂತ ಪ್ರೀತಿಯಿಂದ ಕರೆದು, ನನ್ನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಜಾಗ ಹಿಡಿದು ಒತ್ತಿದರು. ನಾನು ಒದರಿದ್ದು ಹೊಳೆಯ ಆಚೆ ದಂಡೆಗೆ ಕೇಳಿರಬೇಕು.

ಪಂಡಿತರು ಅಪ್ಪನ ಕಡೆ ತಿರುಗಿ ಅಂದರು: "ನಿಮ್ಮ ಮನಿ ರೋಗ ಸಿಕ್ತ ನೋಡ್ರಿ."

ಕರೆಂಟು ಬಂತು

ಮರುದಿನ ನಿಪ್ಪಾಣಿ. ದೊಡ್ಡಪ್ಪ ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಬಂದಿದ್ದ. ಡಾಕ್ಟರು ರಬ್ಬರಿನ ಬಿಲ್ಲೆಗಳನ್ನು ಅಣ್ಣನ ಕುತ್ತಿಗೆಗೆ ಹಚ್ಚಿದರೆ ಅವು ಜಾರಿ ಕೆಳಗೆ ಬಂದವು.

"ಎಣ್ಣಿ ಹಚ್ಚಿ ಕರಕೊಂಡ ಬಂದೀರಲ್ಲ!"

"ನಮ್ಮ ಪಾಲಿಗೆ ಹಚ್ಚಿಲ್ರಿ ಸಾಹೇಬ್ರ," ಅಂದ ದೊಡ್ಡಪ್ಪ ಸಿಟ್ಟಿನಿಂದ. "ಬದು ಒಡದು ಈ ಕಡೆ ಹರದೈತಿ. ನಮ್ಮ ತಮ್ಮನ ನೀರು ಯಾವತ್ತೂ ಹಿಂಗ."

ಡಾಕ್ಟರು ಅರ್ಥವಾಗದೆ ನನ್ನನ್ನು ನೋಡಿದರು. ನಾನು ಅರ್ಥವಾಗದವನಂತೆ ಗೋಡೆ ನೋಡಿದೆ. ಒರೆಸಿ ಮತ್ತೆ ಒಂದು ಬಿಲ್ಲೆ ಬಲಕ್ಕೆ ಹಚ್ಚಿ, ಇನ್ನೊಂದನ್ನು ಎಡಕ್ಕೆ ಹಿಡಿದರು. ದೊಡ್ಡಪ್ಪ ಎದ್ದೇಬಿಟ್ಟ. "ಅದು ಬ್ಯಾಡ್ರಿ, ಎರಡೂ ಈ ಕಡೇನ ಇರ್ಲಿ. ಕರೆಂಟ್ ಅಕ್ಕಡೆ ಹೋತಂದ್ರ ಮನ್ಯಾಗ ಪಂಚಾಯ್ತಿ ಆಗ್ತೈತಿ."

ಡಾಕ್ಟರು ಎರಡನ್ನೂ ಬಲಕ್ಕೇ ಹಚ್ಚಿದರು. ಗುಂಡಿ ತಿರುವುತ್ತ, "ಜುಮ್ ಅಂದ ಕೂಡ್ಲೆ ಸಾಕ ಅನ್ರಿ," ಅಂದರು. ಅಣ್ಣ ಗಂಡಸು, ಸಾಕು ಅಂದಾನೆಯೇ? ಹೆಗಲು ತಾನೇ ಕಪ್ಪೆಯಂತೆ ಕುಣಿಯತೊಡಗಿತು.

"ಆತೇನ್ರಿ?"

"ಇನ್ನೂ ಇ-ಇ-ಇಲ್ರಿ," ಅಂದ ಅಣ್ಣ.

ಅಷ್ಟರಲ್ಲಿ ಕರೆಂಟು ಹೋಯಿತು. ಲೋಡ್ ಶೆಡ್ಡಿಂಗ್. ಡಾಕ್ಟರು ಗುಂಡಿಯನ್ನು ಕೆಳಗಿಳಿಸಿ ಹೊರಗೆ ಹೋದರು. ಕರೆಂಟಿಲ್ಲದ ಮಶೀನಿನ ಗುಂಡಿ ತಿರುವಿದರೆ ಯಾರಿಗೆ ಏನಾಗುತ್ತದೆ ಅಂತ ನಾನು ತಿರುವಿದೆ. ಏನೂ ಆಗಲಿಲ್ಲ. ಇನ್ನೂ ತಿರುವಿದೆ. ಆಗಲೂ ಏನೂ ಆಗಲಿಲ್ಲ. ಆಮೇಲೆ ಕರೆಂಟು ಬಂತು.

ಅಣ್ಣನ ಬಲಗೈ ತಾನೇ ಹಾರಿ ದೊಡ್ಡಪ್ಪನ ಕೆನ್ನೆಗೆ ಬಿತ್ತು. ಟೋಪಿ ಕಿಟಕಿ ದಾಟಿ ಬೀದಿಗೆ ಹೋಯಿತು. ಡಾಕ್ಟರು ಓಡಿ ಬಂದು ಗುಂಡಿ ಇಳಿಸಿ, ನನ್ನ ಕಿವಿ ಹಿಡಿದು ಮೂಲೆಗೆ ನಿಲ್ಲಿಸಿದರು. ಹುಟ್ಟಿದಂದಿನಿಂದ ದೊಡ್ಡಪ್ಪನ ಎದುರು ಜೋರಾಗಿ ಉಸಿರೂ ಬಿಡದ ಅಣ್ಣ, ಆ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

ದೊಡ್ಡಪ್ಪ ಕೆನ್ನೆ ಸವರಿಕೊಂಡು, ಮುಖ ಅರಳಿಸಿ ಅಂದ: "ಪಾವರ್ ಐತಿ, ನೋಡ್ರಿ!"

ಯಾರು ಗೆದ್ದರು

ಹೀಗೆ ಎಂಟು ದಿನ ಪಾಳಿ ನಡೆಯಿತು. ಪಂಡಿತರಲ್ಲಿ ರೋಗಿ ಒದರಬೇಕು, ಡಾಕ್ಟರಲ್ಲಿ ಮಶೀನು ಒದರುತ್ತದೆ. ಪಂಡಿತರಿಂದ ಬಂದ ಅಣ್ಣ ಎಳ್ಳೆಣ್ಣೆ ನಾರುತ್ತಿದ್ದ, ಡಾಕ್ಟರಿಂದ ಬಂದ ಅಣ್ಣ ಸ್ಪಿರಿಟ್ ನಾರುತ್ತಿದ್ದ. ನನಗೆ ತಿಳಿದ ವ್ಯತ್ಯಾಸ ಅಷ್ಟೇ. ಎರಡೂ ಕಡೆಯಿಂದ ಬರುವಾಗ ಮುಖ ಮಾತ್ರ ಎಡ ಹೆಗಲ ಮೇಲೇ ಇರುತ್ತಿತ್ತು.

ಎಂಟನೆಯ ಸಂಜೆ ಆಯಿ ಪರೀಕ್ಷೆಗೆ ಕೂತಳು. ಮರುದಿನವೇ ಶೇಡಬಾಳ. ಅಪ್ಪ ಎಡಗಡೆ ಒತ್ತಿದ.

"ನೋವು?"

"ಇಲ್ಲ ಕಾಕಾ."

ಅಪ್ಪ ಇನ್ನೂ ಗಟ್ಟಿಯಾಗಿ ಒತ್ತಿದ. ನೋವೇ ಇಲ್ಲ. ಅಪ್ಪ ತೊಡೆ ತಟ್ಟಿ ಎದ್ದು ನಿಂತ. ದೊಡ್ಡಪ್ಪ ಬಲಗಡೆ ಬೆರಳು ಇಟ್ಟನೋ ಇಲ್ಲವೋ, ಅಣ್ಣ ಕೂತಲ್ಲಿಂದ ಒಂದು ಗೇಣು ಹಾರಿದ. ದೊಡ್ಡಪ್ಪನ ಮುಖ ಬಿತ್ತು.

"ಗೆದ್ದಿವಿ!" ಅಂದ ಅಪ್ಪ. "ಎಂಟ ದಿನದಾಗ ಎಡಗಡೆ ಪೂರ್ತಾ ಆರಾಮ!"

"ಕಾಕಾ," ಅಂದ ಅಣ್ಣ ಸಣ್ಣ ದನಿಯಲ್ಲಿ, "ಎಡಗಡೆ ಮೊದಲೂ ನೋವ ಇರಲಿಲ್ಲ. ನೋವ ಇದ್ದದ್ದು ಬಲಗಡೆ ಒಂದ."

ಎದ್ದು ನಿಂತಿದ್ದ ಅಪ್ಪ ಮೆಲ್ಲಗೆ ಕೂತ.

"ಮತ್ತ ಬಾಯಿ ಬಿಟ್ಟ ಹೇಳಬಾರದೇನೋ?" ಅಂದರು ಇಬ್ಬರೂ.

"ಯಾರ ಕೇಳಿದ್ರಿ?"

ಶೇಡಬಾಳದಲ್ಲಿ

ನೆಟ್ಟಗಾಗದ ಕುತ್ತಿಗೆಯೊಂದಿಗೇ ಟ್ರ್ಯಾಕ್ಟರಿನಲ್ಲಿ ಹೊರಟರು. ಆಯಿ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಹುಡುಗಿಯನ್ನು ಅಣ್ಣನ ಎಡಕ್ಕೆ ಕೂರಿಸಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಶೇಡಬಾಳದವರು, "ಹುಡುಗ ಪೂರ್ವಕ್ಕ ಮುಖಾ ಮಾಡಿ ಕುಂದ್ರಬೇಕು," ಅಂತ ಮಣೆ ಹಾಕಿಬಿಟ್ಟಿದ್ದರು. ಹುಡುಗಿ ಬಂದು ಬಲಕ್ಕೆ ಕೂತಳು. ಎಡಕ್ಕೆ, ಅಡುಗೆಮನೆಯ ಬಾಗಿಲಲ್ಲಿ, ಹುಡುಗಿಯ ಅಜ್ಜಿ ಕೂತಿದ್ದಳು.

ಈ ಸಲ ನೋಡಿಯೇ ತೀರುತ್ತೇನೆ ಅಂತ ಆಣೆ ಮಾಡಿದ್ದ ಅಣ್ಣ ಮುಖ ಎತ್ತಿದ. ಕಣ್ಣು ಮಿಟುಕಿಸದೆ ಅರ್ಧ ತಾಸು ಅಜ್ಜಿಯನ್ನು ನೋಡಿದ. ಅಜ್ಜಿ ಮೊದಲು ಸೆರಗು ಸರಿ ಮಾಡಿಕೊಂಡಳು. ಆಮೇಲೆ ಆಚೆ ಈಚೆ ನೋಡಿದಳು. ಕಡೆಗೆ, "ಯವ್ವಾ, ಈ ಹುಡುಗ ನನ್ನ ಯಾಕ ಹಿಂಗ ನೋಡಾಕತ್ತಾನ?" ಅಂತ ಸೊಸೆಯ ಬೆನ್ನ ಹಿಂದೆ ಅಡಗಿದಳು.

"ಮಣಿ ತಿರುಗಸ್ರಿ!" ಅಂದಳು ನಮ್ಮ ಆಯಿ. ಅಪ್ಪ ಮಣೆಯ ಎಡ ಅಂಚು ಹಿಡಿದ, ದೊಡ್ಡಪ್ಪ ಬಲ ಅಂಚು. ಹೊಲದ ರೂಢಿ ಬಿಡುತ್ತದೆಯೇ? ಇಬ್ಬರೂ ತಮ್ಮ ತಮ್ಮ ಕಡೆಗೇ ಜಗ್ಗಿದರು. ಮಣೆ ಅಲುಗಲಿಲ್ಲ. ಮೇಲೆ ಕೂತ ಅಣ್ಣ ಬೆವರಿದ.

ಆಗ ಹುಡುಗಿ ಚಹಾದ ಬಸಿ ಹಿಡಿದು ಎದ್ದಳು. "ಬಿಡ್ರಿ, ಅವರನ್ಯಾಕ ತಿರುಗಸ್ತೀರಿ? ನಾನ ತಿರುಗ್ತೇನಿ," ಅಂತ ಸುತ್ತು ಹಾಕಿ ಬಂದು ಅಣ್ಣನ ಮುಖದ ಎದುರಿಗೇ ಕೂತಳು.

"ನೋವು ಯಾವ ಕಡೆ ಐತ್ರಿ?" ಅಂತ ಕೇಳಿದಳು.

ಎಂಟು ದಿನದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. "ಬಲಕ್ಕ ಐತ್ರಿ, ಇಲ್ಲಿ," ಅಂತ ತೋರಿಸಲು ಹೋದ ಅಣ್ಣನ ಕುತ್ತಿಗೆ ಟಕ್ ಅಂದು ನೆಟ್ಟಗಾಯಿತು.

"ಮರ್ಮ!" ಅಂದ ಅಪ್ಪ. "ಕರೆಂಟು!" ಅಂದ ದೊಡ್ಡಪ್ಪ. ಮಣೆ ಇನ್ನೂ ಇಬ್ಬರ ಕೈಯಲ್ಲೇ ಇತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದ ಇರುತ್ತಿತ್ತು. ಆದರೆ ನಾನು ಬರೆದ ಇದನ್ನು ಮೊದಲು ಓದಿದವಳು ವೈನಿ, ಅಂದರೆ ಅದೇ ಶೇಡಬಾಳದ ಹುಡುಗಿ. ಈಗ ನಮ್ಮ ಮನೆಯ ಸೊಸೆ.

"ಏನೋ ಇದು? ಅವತ್ತ ನೀ ಬಂದೇ ಇರಲಿಲ್ಲಲ್ಲ!"

ಬಂದಿರಲಿಲ್ಲ, ಖರೆ. ಮಶೀನಿನ ಗುಂಡಿಯ ಸುದ್ದಿ ಆಯಿಗೆ ಮುಟ್ಟಿತ್ತು. ಅವತ್ತು ನನ್ನನ್ನು ಕಬ್ಬಿಗೆ ನೀರು ಹಾಯಿಸಲು ಬಿಟ್ಟು ಹೋಗಿದ್ದರು. ಅಣ್ಣನನ್ನು ಕೇಳಿದರೆ ಇವತ್ತಿಗೂ ನಾಚಿಕೊಳ್ಳುತ್ತಾನೆ.

"ಮತ್ತ ಅವತ್ತ ಖರೇ ಆದದ್ದು ಏನು ವೈನಿ?"

"ಏನೂ ಇಲ್ಲ. ನಿಮ್ಮ ಅಣ್ಣ ಬಂದ್ರು, ನೆಟ್ಟಗ ಕುಂತ್ರು, ನೆಟ್ಟಗ ನನ್ನ ನೋಡಿದ್ರು, ಚಹಾ ಕುಡದ್ರು, ಹೋದ್ರು. ಕುತ್ತಿಗಿ ದಾರ್ಯಾಗ ಎಲ್ಲೋ ತಾನ ಬಿಟ್ಟಿತ್ತಂತ. ಹೊಳಿ ದಾಟಿದ ಮ್ಯಾಲ ಅಂತಾರ ನಿಮ್ಮಪ್ಪ. ಕರೆಂಟಿನ ತಂತಿ ಕೆಳಗ ಅಂತಾರ ಮಾವ." ಹಾಳೆ ಮಡಚಿ ನನ್ನ ಕೈಗೆ ಕೊಟ್ಟಳು. "ಅದೆಲ್ಲಾ ಇರ್ಲಿ. ನಮ್ಮ ಮನ್ಯಾಗ ಅಜ್ಜೀನ ಇಲ್ಲಲ್ಲೋ! ನಾ ಹುಟ್ಟೂಕಿಂತ ಮೊದಲ ತೀರಿಕೊಂಡಾಳ."

ಈಗ ನೀವೇ ಹೇಳ್ರಿ. ಬಂದ್ರು, ಕುಂತ್ರು, ಹೋದ್ರು ಅಂತ ಬರೆದರೆ ಯಾರು ನಗುತ್ತಾರೆ? ಅದಕ್ಕೇ ಆ ಮುದುಕಿಯನ್ನು ನಾನೇ ಕರೆತಂದು ಬಾಗಿಲಲ್ಲಿ ಕೂರಿಸಿದೆ.