ಮೂರು ನಿಮಿಷ ನಿಂತರೆ ಸಹಿ

ಈ ಸೋಫಾ ರಿಪೇರಿಯವನ ಮನೆಯವರ ಬಗ್ಗೆ ಹೇಳಲೇಬೇಕು. ಒಂದೇ ವಾರದಲ್ಲಿ, ಒಂದೇ ಮನೆಯವರು ಇಷ್ಟೊಂದು ಹೆದರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೆದರಿಯೂ ಕೆಲಸ ಕೆಡಿಸಲಿಲ್ಲ, ಅದು ದೊಡ್ಡದು.

ಶುರುವಾಗಿದ್ದು ಒಂದು ಫಾರಂನಿಂದ. ಹದಿನೇಳರ ಮಗಳು ಬಾಕ್ಸಿಂಗ್ ಕಲಿಯುತ್ತಿದ್ದಳು. ತೂಕ ಎಂಬತ್ತೆರಡು ಕಿಲೋ. ಹಾಗಾಗಿ ಹೆವಿವೇಟ್. ಆ ವಿಭಾಗಕ್ಕೆ ಕೆಳಗಿನ ಮಿತಿ ಇದೆ, ಮೇಲಿನ ಮಿತಿ ಇಲ್ಲ. ಎದುರಿಗೆ ನೂರು ಕಿಲೋದವಳು ಬರಬಹುದು, ನೂರಿಪ್ಪತ್ತರವಳೂ ಬರಬಹುದು. ಪಂದ್ಯಕ್ಕೆ ಇಳಿಯಬೇಕಾದರೆ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು.

"ನಾನು ಹಾಕಲ್ಲ," ಎಂದಳು ಹೆಂಡತಿ. "ಅಂಥವಳು ಮೈಮೇಲೆ ಬಿದ್ರೆ ನನ್ನ ಮಗಳು ಚಾಪೆ ಆಗ್ತಾಳೆ!"

ಸೋಫಾದವನು ಎದೆ ಉಬ್ಬಿಸಿದ. ಮದುವೆಗೆ ಮುಂಚೆ ಅವನೂ ಎಂಬತ್ತೈದು ಕಿಲೋದ ಹೆವಿವೇಟ್ ಬಾಕ್ಸರ್!

"ನೋಡೇ, ಹಳೇ ಕಾಲದ ಹೆವಿವೇಟ್‌ಗಳಲ್ಲಿ ಎಷ್ಟೋ ಜನ ನನ್ನ ಅಳತೆಯವರೇ. ಈಗಿನ ದೈತ್ಯರು ಕೈ ಎತ್ತೋದ್ರೊಳಗೆ ಎರಡು ಬಿಟ್ಟು ಆಚೆ ಹೋಗಿರ್ತಿದ್ವಿ. ಚಿಕ್ಕವನಿಗೆ ಕಾಲೇ ಬಂಡವಾಳ!"

"ಈಗಲೂ?"

"ಈಗಲೂ! ಯಾರನ್ನಾದ್ರೂ ಕರ್ಕೊಂಡು ಬಾ!"

ಈ ಕೊನೆಯ ಮಾತು ಆಡಬಾರದಿತ್ತು.

"ಹಾಗಾದ್ರೆ ಭಾನುವಾರ ಬೆಳಿಗ್ಗೆ ನನ್ನ ತಮ್ಮನ ಎದುರು ಮೂರು ನಿಮಿಷ ನಿಲ್ಲಿ. ನಿಂತ್ರೆ ಸಹಿ. ಬಿದ್ರೆ ಫಾರಂ ಒಲೆಗೆ."

ತಮ್ಮ ಅಂದರೆ ನೂರಿಪ್ಪತ್ತೆಂಟು ಕಿಲೋ. ಫ್ರಿಜ್ ಹೊತ್ತು ಮೂರನೇ ಮಹಡಿಗೆ ಹತ್ತಿಸುವುದು ಅವನ ಕಸುಬು. ಅವನು ಮೆಟ್ಟಿಲಿಳಿದರೆ ಕೆಳಗಿನ ಮನೆಯವರು ಭೂಕಂಪವೆಂದು ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು!

ಸೋಫಾದವನಿಗೆ ಅನ್ನ ಇಳಿಯಲಿಲ್ಲ. ಸೂಜಿ ರೆಕ್ಸಿನ್ ಬಿಟ್ಟು ಬೆರಳಿಗೇ ಹೋಗುತ್ತಿತ್ತು. ಫ್ರಿಜ್ ಬಾಗಿಲು ಧಡ್ ಎಂದರೂ ತಲೆ ತಗ್ಗಿಸಿ ಗುದ್ದು ತಪ್ಪಿಸಿಕೊಳ್ಳುತ್ತಿದ್ದ. ಭಾನುವಾರ ಬೆಳಿಗ್ಗೆ ಅವನ ಕಣ್ಣು ಅಂಗಡಿಯ ಸ್ಪಂಜಿನ ಮೇಲೆ ಬಿತ್ತು. ಬನಿಯನ್ನಿನ ಮೇಲೆ ಎದೆಗೆ ನಾಲ್ಕಿಂಚು ಹೊಲಿದುಕೊಂಡ. ಹೆದರಿಕೆ ಹೋಗಲಿಲ್ಲ. ಹೊಟ್ಟೆಗೆ ನಾಲ್ಕಿಂಚು. ಇನ್ನೂ ಹೋಗಲಿಲ್ಲ. ತೊಡೆಗೂ ಸುತ್ತಿ, ಮೇಲೆ ರೆಕ್ಸಿನ್ ಎಳೆದು, ದಪ್ಪ ದಾರದಲ್ಲಿ ಬಿಗಿದ. ಕಸುಬುದಾರ ಅಲ್ಲವೇ, ಒಂದು ಹೊಲಿಗೆಯೂ ಸಡಿಲ ಇರಲಿಲ್ಲ!

ಅಂಗಡಿಯ ಬಾಗಿಲಲ್ಲಿ ಸಿಕ್ಕಿಕೊಂಡವನನ್ನು ಮಗಳು ಎಳೆದು ಹೊರಗೆ ತಂದಳು.

"ಅಪ್ಪ, ಇದೇನು?"

"ರಕ್ಷಣೆ."

"ಕಾಲು?"

"ಒಳಗಿದೆ."

ಹೆಂಡತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಅಲ್ರೀ, ಚಿಕ್ಕವನು ದೊಡ್ಡವನನ್ನ ಗೆಲ್ತಾನೆ ಅಂದ್ರಲ್ಲ. ಚಿಕ್ಕವನು ಎಲ್ಲಿ?"

ಅಷ್ಟರಲ್ಲಿ ಮೈದುನ ಬಂದ. ಗೋಡೆ ಹಿಡಿದುಕೊಂಡು ಬಂದ.

"ಭಾವ, ಚಿಕ್ಕವರು ಮಿಂಚಿನ ಹಾಗೆ ಹೊಡೀತಾರೆ ಅಂದ್ಲು ಅಕ್ಕ. ಭಯ ಆಯ್ತು. ಐದು ದಿನ ಬರೀ ಸೌತೆಕಾಯಿ ತಿಂದು ತೂಕ ಇಳಿಸ್ದೆ."

"ಎಷ್ಟು ಇಳೀತು?"

"ಎರಡು ಕಿಲೋ. ಕಣ್ಣಿಗೆ ಕತ್ತಲೆ ಬರ್ತಿದೆ."

ಶುರುವಿನ ಗಂಟೆಯೆಂದು ಹೆಂಡತಿ ತಟ್ಟೆಗೆ ಚಮಚ ಬಡಿದಳು. ಮೈದುನ ಭಾವನ ಎದೆಯನ್ನು ಮೆಲ್ಲಗೆ ಮುಟ್ಟಿದ. ಸ್ಪಂಜು ಪುಟಿಯಿತು! ಸೋಫಾದವನು ಅಂಗಾತ ಬಿದ್ದ. ನಾಲ್ಕೂ ಕೈಕಾಲು ಆಕಾಶಕ್ಕೆ. "ಎತ್ತೋ!" ಎಂದು ಕೂಗಿದ. ಎತ್ತಲು ಬಗ್ಗಿದ ಮೈದುನನಿಗೆ ತಲೆ ತಿರುಗಿತು. ನೂರಿಪ್ಪತ್ತಾರು ಕಿಲೋ ಸೀದಾ ಮೇಲೆ ಬಂತು!

ಅಡಿಯಿಂದ ಸಣ್ಣ ದನಿ: "ಎಷ್ಟು ಹೊತ್ತಾಯ್ತು?"

"ಹನ್ನೊಂದು ಸೆಕೆಂಡು," ಎಂದಳು ಹೆಂಡತಿ. ಫಾರಂ ಎತ್ತಿಕೊಂಡು ಒಲೆಯ ಕಡೆ ನಡೆದಳು.

ಮಾಮನನ್ನು ಪಕ್ಕಕ್ಕೆ ಉರುಳಿಸಿದ ಮಗಳು ಓಡಿಬಂದು ಅಡ್ಡ ನಿಂತಳು. "ಅಮ್ಮ, ಅಪ್ಪ ಬಿದ್ದಿದ್ದು ಚಿಕ್ಕವನಾಗಿದ್ದಕ್ಕಲ್ಲ. ದೊಡ್ಡವನಾಗೋಕೆ ಹೋಗಿದ್ದಕ್ಕೆ. ಆ ಮೂರು ನಿಮಿಷ ನನಗೆ ಕೊಡು."

ಮೈದುನನಿಗೆ ನಾಲ್ಕು ಮೊಟ್ಟೆ, ಆರು ಬಾಳೆಹಣ್ಣು ತಿನ್ನಿಸಿದರು. ಒಂದು ಗಂಟೆ ಮಲಗಿಸಿದರು.

"ಅಕ್ಕ, ಮಗು ಕಣೇ ಅದು!"

"ಮಾಮ, ಕೈ ಎತ್ತಿ. ನಿಜವಾಗ್ಲೂ ಹೊಡೀಬೇಕು."

ತಾಯಿ ತಟ್ಟೆ ಬಡಿದು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಪಟ್ ಪಟ್ ಎಂಬ ಸದ್ದು. ಭುಸ್ ಎಂಬ ಉಸಿರು. ಯಾರದ್ದು? ನೋಡುವ ಧೈರ್ಯವಿಲ್ಲ. ಮೂರು ನಿಮಿಷವಾದ ಮೇಲೆ ಧೊಪ್ ಎಂದಿತು. ಬೆರಳ ಸಂದಿಯಿಂದ ನೋಡಿದಳು. ಮಗಳು ನಿಂತಿದ್ದಳು. ತಮ್ಮ ನೆಲದ ಮೇಲೆ ಕೂತಿದ್ದ.

"ಅಕ್ಕಾ, ಸಹಿ ಹಾಕ್ಬಿಡೇ! ಮುಂದೆ ಇದ್ದಾಳೆ ಅಂತ ಹೊಡೆದ್ರೆ ಪಕ್ಕದಲ್ಲಿರ್ತಾಳೆ!"

ಹೆಂಡತಿ ಸಹಿ ಹಾಕಿದಳು. ಪೆನ್ನು ಗಂಡನಿಗೆ ಕೊಟ್ಟಳು. ಅವನು ಹಿಂದೆ ಸರಿದ. ಪಾಪ, ಅವನು ಕಣ್ಣು ಬಿಟ್ಟು ನೋಡಿದ್ದ. ಮೈದುನನ ಒಂದು ಗುದ್ದು ಮಗಳ ಕಿವಿಗೆ ಬೆರಳಗಲ ದೂರದಲ್ಲಿ ಹೋಗಿತ್ತು.

"ಬೇಡ ಕಣೇ. ಅವರೆಲ್ಲ ತುಂಬಾ ದೊಡ್ಡವರು. ಇವಳು ಚಿಕ್ಕವಳು."

ಹೆಂಡತಿ ಮಗಳ ಗ್ಲೌಸ್ ತೆಗೆದುಕೊಂಡು ಒಂದೊಂದಾಗಿ ಕೈಗೇರಿಸಿದಳು.

"ಸಹಿ ಹಾಕ್ತೀರೋ, ನಿಮ್ಮೆದುರು ನಾನು ಮೂರು ನಿಮಿಷ ನಿಲ್ಲಲೋ? ನಂದು ಐವತ್ತೈದೇ ಕಿಲೋ. ಚಿಕ್ಕವಳು."

ಸೋಫಾದವನು ಸಹಿ ಹಾಕಿದ. ಒಂದು ಸಾಲದೇನೋ ಎಂದು ಎರಡು ಕಡೆ ಹಾಕಿದ!

ದಯವಿಟ್ಟು ಒಮ್ಮೆ ಹೋಗಿ ಇವರನ್ನು ನೋಡಿ ಬನ್ನಿ. ಮಗಳ ಪಂದ್ಯದ ದಿನವೇ ಹೋಗಿ. ಅಪ್ಪ, ಅಮ್ಮ, ಮಾಮ ಮೂವರೂ ಮುಂದಿನ ಸಾಲಿನಲ್ಲಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆ. ಏನಾಯಿತೆಂದು ಹೇಳಲು ಪಕ್ಕದಲ್ಲಿ ಒಬ್ಬರು ಬೇಕು.